ಗೋಡೆಯ ಮೇಲಿನ ಗೆರೆ, ಊರಿನ ಬಾಯಿಯ ಮಾತು

(ಸಮಡೋಳಿಯಲ್ಲಿ ಕೂಡಿದ್ದ ಕಾರ್ಮಿಕ ಕುಟುಂಬಗಳ ಮುಂದೆ ಉಪದೇಶಿಯೊಬ್ಬರು ಆಡಿದ ಮಾತು. ಎಸ್ಟೇಟಿನ ಲೈನುಗಳಲ್ಲಿರುವ ನಮ್ಮ ಓದುಗರಿಗೂ ಉಪಯೋಗವಾದೀತೆಂದು ಇಲ್ಲಿ ಅಚ್ಚು ಹಾಕಿದೆ.)



ಘಟ್ಟದ ಕಾಫಿ ತೋಟದವನಾದ ನನ್ನನ್ನು ವಾರಣಾ ದಂಡೆಯ ಈ ಊರಿಗೆ ಕರೆದು, ನಾಲ್ಕು ಮಾತು ಹೇಳು ಎಂದಿದ್ದೀರಿ. ನಾನು ಪಂಡಿತನಲ್ಲ. ಎಸ್.ಎಸ್.ಎಲ್.ಸಿ.ವರೆಗೆ ಓದಿದವನು. ಭಾನುವಾರ ಮಕ್ಕಳಿಗೆ ಉಪದೇಶ ಕಲಿಸುತ್ತೇನೆ. ಉಳಿದ ದಿನ ಸಂಜೆ ಸಂಘದ ಚಂದಾ ಪುಸ್ತಕ ಹಿಡಿದು ಲೈನಿನಿಂದ ಲೈನಿಗೆ ನಡೆಯುತ್ತೇನೆ. ಈ ಎರಡು ಕೆಲಸದಲ್ಲಿ ಕಲಿತದ್ದನ್ನೇ ಇಲ್ಲಿ ಹೇಳಬಲ್ಲೆ.

ನನಗೆ ಕೊಟ್ಟಿರುವ ವಿಷಯ ಹೀಗಿದೆ: ಹವಾಮಾನ ಬದಲಾಗುತ್ತಿರುವ ಸಂಗತಿಯನ್ನು ಊರವರೆಲ್ಲ ಕೂತು ಮಾತಾಡುವಂತೆ ಮಾಡಬೇಕಾದರೆ ಗೋಡೆಯ ಮೇಲೆ ದೊಡ್ಡ ಚಿತ್ರ ಬರೆಯಿಸುವುದರಿಂದ ಪ್ರಯೋಜನ ಉಂಟೇ? ಉಂಟು ಎಂಬುದೇ ನನ್ನ ಉತ್ತರ. ಆದರೆ ಒಂದು ಷರತ್ತು ಇದೆ. ಚಿತ್ರ ಬರೆಯಿಸಿ ನಾವು ಮನೆಗೆ ಹೋಗಿ ಮಲಗಿದರೆ ಅದು ಬರೀ ಬಣ್ಣದ ಖರ್ಚು. ಚಿತ್ರದ ಮುಂದೆ ಜನ ನಿಲ್ಲಬೇಕು, ನಿಂತವರು ಬಾಯಿ ಬಿಡಬೇಕು, ಬಾಯಿ ಬಿಟ್ಟ ಮಾತು ಗ್ರಾಮಸಭೆಯ ಪುಸ್ತಕಕ್ಕೆ ಏರಬೇಕು. ಇದು ಹೇಗೆ ಸಾಧ್ಯ ಎಂಬುದನ್ನು ನೋಡೋಣ.

ನೀರು ಎಲ್ಲಿಯವರೆಗೆ ಬಂದಿತ್ತು?

ಕೃಷ್ಣಾ, ವಾರಣಾ ದಂಡೆಯ ಯಾವ ಊರಿಗಾದರೂ ಹೋಗಿ, ಮಹಾಪೂರದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ. ಯಾರೂ ಲೆಕ್ಕ ಹೇಳುವುದಿಲ್ಲ, ಕೈ ತೋರಿಸುತ್ತಾರೆ. ಒಬ್ಬರು ಕಿಟಕಿ ತೋರಿಸುತ್ತಾರೆ. ಇನ್ನೊಬ್ಬರು ಬಾಗಿಲ ಮೇಲಿನ ಚೌಕಟ್ಟು ತೋರಿಸುತ್ತಾರೆ. ಅಜ್ಜಿಯೊಬ್ಬಳು ತನ್ನ ಗಂಟಲು ಮುಟ್ಟಿಕೊಂಡು ಇಲ್ಲಿಯವರೆಗೆ ಅನ್ನುತ್ತಾಳೆ. ಇವೆಲ್ಲ ನಿಜವಾದ ಅಳತೆಗಳು. ಆದರೆ ಮನೆಗೆ ಸುಣ್ಣ ಬಳಿದ ಮೇಲೆ ಆ ಕಲೆ ಮುಚ್ಚಿಹೋಗುತ್ತದೆ, ಅಜ್ಜಿ ತೀರಿಹೋದ ಮೇಲೆ ಆ ಅಳತೆಯೂ ಅವಳ ಜೊತೆ ಹೋಗುತ್ತದೆ.

ಸಾಂಗಲಿಯ ಐರ್ವಿನ್ ಸೇತುವೆ ನಿಮಗೆಲ್ಲ ಗೊತ್ತು. 1929ರ ಸೇತುವೆ ಅದು. ಅಲ್ಲಿ ಕೃಷ್ಣೆಯ ಅಪಾಯದ ಮಟ್ಟ 45 ಅಡಿ. 2005ರ ಮಹಾಪೂರದಲ್ಲಿ ನೀರು 53 ಅಡಿ ದಾಟಿತು. ಹಿರಿಯರು ಇಂಥದ್ದು ಇನ್ನೊಮ್ಮೆ ಬರಲಾರದೆಂದರು. 2019ರ ಆಗಸ್ಟಿನಲ್ಲಿ 57 ಅಡಿ ದಾಟಿತು. 2021ರ ಜುಲೈಯಲ್ಲಿ ಮತ್ತೆ 54 ಅಡಿಯ ಆಸುಪಾಸಿಗೆ ಬಂತು. ಒಂದು ಮಗು ಹುಟ್ಟಿ ಎಸ್.ಎಸ್.ಎಲ್.ಸಿ. ಮುಗಿಸುವಷ್ಟರಲ್ಲಿ ಮೂರು ಮಹಾಪೂರ!

2019ರ ಆಗಸ್ಟ್ 8ರಂದು ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ನೀರಿನಿಂದ ಹೊರಗೆ ತರುತ್ತಿದ್ದ ದೋಣಿ ಮಗುಚಿತು. ಹತ್ತಕ್ಕಿಂತ ಹೆಚ್ಚು ಮಂದಿ ಹೋದರು, ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಅದೇ ದಿನ, ಅದೇ ಆಗಸ್ಟ್ 8ರಂದು, ಕೇರಳದ ವಯನಾಡಿನ ಪುತ್ತುಮಲದಲ್ಲಿ ಗುಡ್ಡ ಜಾರಿ ಎಸ್ಟೇಟಿನ ಪಾಡಿಗಳ ಮೇಲೆ ಬಿತ್ತು. ಅಲ್ಲಿ ಹದಿನೇಳು ಮಂದಿಯನ್ನು ಕಳೆದುಕೊಂಡೆವು. ನೀವು ಬಯಲಿನವರು, ನಾವು ಘಟ್ಟದವರು. ನೀವು ಕಬ್ಬಿನ ಹೊಲದ ಕೂಲಿ, ನಾವು ಚಹಾ ಕಾಫಿ ತೋಟದ ಕೂಲಿ. ಆ ವಾರದ ಮಳೆಯೊಂದೇ ಘಟ್ಟದ ಬೆನ್ನ ಮೇಲೆ ಬಿದ್ದು ಒಂದು ಕಡೆ ಮಣ್ಣಾಗಿ ಇಳಿಯಿತು, ಇನ್ನೊಂದು ಕಡೆ ಮಹಾಪೂರವಾಗಿ ಹರಿಯಿತು. ನಿಮ್ಮ ಸಂಕಟವೂ ನಮ್ಮ ಸಂಕಟವೂ ಒಂದೇ ಮೋಡದಿಂದ ಬಂದದ್ದು.

ಮಳೆಯ ನಡತೆ ಏಕೆ ಬದಲಾಯಿತು?

ಇದನ್ನು ಕಷ್ಟವಿಲ್ಲದೆ ತಿಳಿಯಬಹುದು. ಕಲ್ಲಿದ್ದಲು, ಪೆಟ್ರೋಲು, ಡೀಸೆಲು ಸುಟ್ಟ ಹೊಗೆಯಲ್ಲಿರುವ ಇಂಗಾಲದ ಅನಿಲ ಗಾಳಿಯಲ್ಲಿ ಸೇರಿ, ಭೂಮಿಯ ಬಿಸಿ ಹೊರಗೆ ಹೋಗದಂತೆ ಕಂಬಳಿಯ ಹಾಗೆ ತಡೆಯುತ್ತದೆ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿ ಹೊರುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಗಾಳಿ ಹೊರಬಲ್ಲ ನೀರಾವಿ ಸುಮಾರು ನೂರಕ್ಕೆ ಏಳು ಪಾಲು ಹೆಚ್ಚುತ್ತದೆ. ಹೊತ್ತದ್ದನ್ನು ಎಲ್ಲಾದರೂ ಇಳಿಸಲೇಬೇಕಲ್ಲ? ಇಳಿಸುವಾಗ ಒಮ್ಮೆಗೇ ಇಳಿಸುತ್ತದೆ.

ಪುಣೆಯಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕಾಲ್ ಮತ್ತು ಅವರ ಸಂಗಡಿಗರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1950ರಿಂದ 2015ರವರೆಗಿನ ಮಳೆಯನ್ನು ಅವರು ಲೆಕ್ಕ ಹಾಕಿದರು. ಮಧ್ಯ ಭಾರತದ ಪಟ್ಟಿಯಲ್ಲಿ, ವಿಶಾಲ ಪ್ರದೇಶದ ಮೇಲೆ ಒಟ್ಟಿಗೆ ಸುರಿಯುವ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟು ಹೆಚ್ಚಾಗಿವೆ ಎಂದು ಕಂಡುಕೊಂಡರು. ನಮ್ಮ ಹಿರಿಯರು ಬಲ್ಲ ಮಳೆ ದಿನಗೂಲಿಯ ಹಾಗೆ ದಿನದಿನವೂ ಸ್ವಲ್ಪ ಸ್ವಲ್ಪ ಬರುತ್ತಿತ್ತು. ಈಗಿನ ಮಳೆ ತಿಂಗಳುಗಟ್ಟಲೆ ಕೈಕೊಟ್ಟು, ಬಾಕಿಯನ್ನೆಲ್ಲ ನಾಲ್ಕು ದಿನದಲ್ಲಿ ತಂದು ಸುರಿಯುತ್ತದೆ.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಎಲ್ಲ ಪೂರಕ್ಕೂ ಹವಾಮಾನವೊಂದೇ ಕಾರಣ ಎನ್ನುವುದು ಸರಿಯಲ್ಲ. ಕೊಯ್ನಾ, ವಾರಣಾ ಅಣೆಕಟ್ಟುಗಳಿಂದ ಯಾವಾಗ ಎಷ್ಟು ನೀರು ಬಿಟ್ಟರು, ನದಿಯ ಪಾತ್ರದಲ್ಲಿ ಯಾರು ಮನೆ ಕಟ್ಟಿದರು, ಹಳ್ಳಗಳನ್ನು ಯಾರು ಮುಚ್ಚಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. 2019ರ ಪೂರದ ನಂತರ ಮಹಾರಾಷ್ಟ್ರ ಸರಕಾರ ನೇಮಿಸಿದ ವಡ್ನೇರೆ ಸಮಿತಿ 2020ರಲ್ಲಿ ವರದಿ ಕೊಟ್ಟಿತು. ಅತಿವೃಷ್ಟಿಯನ್ನೂ ಪೂರಪ್ರದೇಶದ ಒತ್ತುವರಿಯನ್ನೂ ಅದು ಎತ್ತಿ ಹೇಳಿತು. ಸಾಂಗಲಿ ಮುಳುಗಿದ್ದಕ್ಕೆ ಆಲಮಟ್ಟಿ ಕಾರಣವಲ್ಲ ಎಂದೂ ಹೇಳಿತು. ಆದರೂ ಆಲಮಟ್ಟಿಯ ಜಗಳ ನಿಂತಿಲ್ಲ. ಆ ಜಗಳ ನಡೆಯುವವರು ನಡೆಸಲಿ. ನಾವು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಮುಂದಿನ ಸಲ ನೀರು ಬಂದಾಗ ತಗ್ಗಿನಲ್ಲಿರುವ ಕೂಲಿಯವನ ಮನೆಗೆ ಯಾರು ಹೋಗಿ ಬಾಗಿಲು ಬಡಿಯುತ್ತಾರೆ?

ಬರಹ ಓದದವನು ಚಿತ್ರ ಓದುತ್ತಾನೆ

ಈಗ ಚಿತ್ರದ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಘದಲ್ಲಿ ಎಷ್ಟೋ ನೋಟೀಸು ಹಾಕಿದ್ದೇವೆ. ಒತ್ತೊತ್ತಾದ ಅಕ್ಷರ, ಕೆಳಗೆ ಸಹಿ, ಮೊಹರು. ಜನ ಅದರ ಮುಂದೆ ನಡೆದು ಹೋಗುತ್ತಿದ್ದರು. ಒಂದು ಸಲ ಸಂಬಳದ ಚೀಟಿಯನ್ನೇ ಬೆಡ್‌ಶೀಟಿನಷ್ಟು ದೊಡ್ಡ ಬಟ್ಟೆಯ ಮೇಲೆ ಬಣ್ಣದಿಂದ ಬರೆಯಿಸಿ ಗೇಟಿನ ಹತ್ತಿರ ಕಟ್ಟಿದೆವು. ಕೂಲಿ ಎಷ್ಟು, ಅಕ್ಕಿಗೆ ಕಡಿತ ಎಷ್ಟು, ಪಿ.ಎಫ್. ಎಷ್ಟು ಎಂದು ಒಂದೊಂದಕ್ಕೂ ಬೇರೆ ಬಣ್ಣ. ಎಂದೂ ಸಭೆಗೆ ಬಾರದ ಹೆಂಗಸರು ಅಲ್ಲಿ ಗುಂಪು ಕಟ್ಟಿ ನಿಂತರು. ತಮ್ಮ ತಮ್ಮ ಚೀಟಿ ತಂದು ಹೋಲಿಸಿದರು. ಹಸುರು ಬಣ್ಣದ ಈ ಕಡಿತ ನನ್ನ ಚೀಟಿಯಲ್ಲಿ ಎರಡು ಸಲ ಏಕಿದೆ ಎಂದು ಒಬ್ಬಾಕೆ ಕೇಳಿದಳು. ಚೀಟಿ ಅವಳ ಕೈಯಲ್ಲಿ ವರ್ಷಗಟ್ಟಲೆ ಇತ್ತು, ಆದರೆ ಅದು ಗುಟ್ಟಾಗಿತ್ತು. ದೊಡ್ಡದಾಗಿ ಬರೆದು ಎಲ್ಲರ ಮುಂದೆ ಕಟ್ಟಿದಾಗ ಅದೇ ಚೀಟಿ ಎಲ್ಲರ ಮಾತಾಯಿತು. ಚಿತ್ರ ಏಕೆ ದೊಡ್ಡದಾಗಿರಬೇಕು ಎಂಬುದಕ್ಕೆ ಇದೇ ಉತ್ತರ. ಚಿಕ್ಕ ಚಿತ್ರವನ್ನು ಒಬ್ಬನೇ ನೋಡುತ್ತಾನೆ. ದೊಡ್ಡ ಚಿತ್ರವನ್ನು ಹತ್ತು ಜನ ಒಟ್ಟಿಗೆ ನೋಡುತ್ತಾರೆ, ಒಟ್ಟಿಗೆ ನೋಡಿದ್ದರ ಬಗ್ಗೆ ಸುಮ್ಮನಿರಲು ಆಗುವುದಿಲ್ಲ.

ಇದು ಹೊಸ ಸಂಗತಿಯೇನಲ್ಲ. ಸುಮಾರು ಕ್ರಿ.ಶ. 600ರಲ್ಲಿ ಮಾರ್ಸೇಲ್ ಪಟ್ಟಣದ ಬಿಷಪರು ದೇವಾಲಯದ ಚಿತ್ರಗಳನ್ನು ಒಡೆಸಿದಾಗ, ಪೋಪ್ ಗ್ರೆಗೊರಿಯವರು ಅವರಿಗೆ ಪತ್ರ ಬರೆದು ತಡೆದರು. ಓದುಬಾರದವರು ಗೋಡೆಯ ಚಿತ್ರದಲ್ಲಿ ಓದಿಕೊಳ್ಳುತ್ತಾರೆ ಎಂಬುದು ಅವರ ವಾದ. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿಗೆ ಹೋದವರು ನಿಮ್ಮಲ್ಲೂ ಇರಬಹುದು. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೇನಿ ಎಂಬ ಯೇಸುಸಭೆಯ ಬ್ರದರ್ ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಅದರ ಗೋಡೆ, ಮಾಳಿಗೆ ಎಲ್ಲವನ್ನೂ ಚಿತ್ರದಿಂದ ತುಂಬಿದರು. ಇವತ್ತಿಗೂ ಒಳಗೆ ಕಾಲಿಟ್ಟವರು ತಲೆ ಎತ್ತಿ ನಿಂತುಬಿಡುತ್ತಾರೆ. ಬಂಗಾಳದ ಮೇದಿನೀಪುರದ ಕಡೆ ನಯಾ ಎಂಬ ಹಳ್ಳಿಯಿದೆ. ಅಲ್ಲಿನ ಪಟುವಾ ಜನ ಉದ್ದನೆಯ ಚಿತ್ರದ ಸುರುಳಿ ಬಿಚ್ಚುತ್ತಾ ಹಾಡು ಕಟ್ಟಿ ಕತೆ ಹೇಳುವವರು. 2004ರ ಸುನಾಮಿ ಬಂದ ಮೇಲೆ ಅವರು ಸುನಾಮಿಯನ್ನೇ ಸುರುಳಿಯಲ್ಲಿ ಬರೆದು ಹಾಡಿದರು. ಇನ್ನು ನಿಮ್ಮ ಸಾಂಗಲಿಯೋ, ನಾಟಕದ ತವರೂರು. 1843ರಲ್ಲಿ ವಿಷ್ಣುದಾಸ ಭಾವೆಯವರು ಮರಾಠಿ ನಾಟಕ ಆಡಿಸಿದ ಊರು. ಗಣಪತಿ ಹಬ್ಬದ ಮಂಡಪಗಳಲ್ಲಿ ಊರಿನ ಸುಖದುಃಖವನ್ನೇ ದೃಶ್ಯ ಕಟ್ಟಿ ತೋರಿಸುವ ರೂಢಿ ನಿಮ್ಮದು. ನಿಮಗೆ ನಾನು ಚಿತ್ರದ ಬಲ ಹೇಳಬೇಕಾಗಿಲ್ಲ.

ಉಪದೇಶದ ತರಗತಿಯಲ್ಲಿ ನಾನು ನೋಹನ ಹಡಗಿನ ದೊಡ್ಡ ಚಿತ್ರಪಟ ತೂಗುಹಾಕುತ್ತೇನೆ. ಒಮ್ಮೆ ಲೈನಿನ ಒಂದು ಹುಡುಗಿ, ಏಳೆಂಟು ವರ್ಷದವಳು, ಚಿತ್ರದ ಮೂಲೆ ತೋರಿಸಿ, "ಉಪದೇಶಿಯವರೇ, ಹಡಗಿನ ಹೊರಗೆ ಇರುವ ಇವರು ಯಾವ ಲೈನಿನವರು?" ಎಂದು ಕೇಳಿದಳು. ನಾನು ಅನೇಕ ವರ್ಷ ಆ ಪಾಠ ಹೇಳಿದ್ದೇನೆ. ಪುಸ್ತಕ ಓದಿಸಿದಾಗ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಚಿತ್ರ ಕೇಳಿಸಿತು. ಅಂದಿನ ಪಾಠ ಅಲ್ಲಿಗೇ ನಿಂತು, ಮಳೆಗಾಲದಲ್ಲಿ ತೋಡಿನ ಪಕ್ಕದ ಮನೆಯವರು ಎಲ್ಲಿಗೆ ಹೋಗಬೇಕು ಎಂಬ ಮಾತು ಮಕ್ಕಳ ನಡುವೆ ಶುರುವಾಯಿತು.

ಮೂವರು ಮಾಡಿ ತೋರಿಸಿದ್ದು

ಬೇರೆ ಕಡೆ ಇದನ್ನು ಮಾಡಿದವರಿದ್ದಾರೆ. ಮೂವರ ಕೆಲಸ ಹೇಳುತ್ತೇನೆ. ಮೂರರಿಂದಲೂ ನಾವು ಒಂದೊಂದು ಪಾಠ ಕಲಿಯಬಹುದು.

ಮೊದಲನೆಯದು ಅಮೆರಿಕದ ನ್ಯೂಯಾರ್ಕ್ ಪಟ್ಟಣದ್ದು. 2007ರಲ್ಲಿ ಈವ್ ಮೋಷರ್ ಎಂಬ ಕಲಾವಿದೆ, ಆಟದ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವ ಚಿಕ್ಕ ಗಾಡಿಯನ್ನು ತೆಗೆದುಕೊಂಡು ಬೀದಿಗಿಳಿದಳು. ಸಮುದ್ರ ಮಟ್ಟದಿಂದ ಹತ್ತು ಅಡಿ ಎತ್ತರದ ಜಾಗ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಗೆರೆ ಎಳೆಯುತ್ತಾ ನಡೆದಳು. ಸುಮಾರು 70 ಮೈಲು! ಸಮುದ್ರ ಉಕ್ಕಿದರೆ ನೀರು ಇಲ್ಲಿಯವರೆಗೆ ಬರುತ್ತದೆ ಎಂಬುದು ಆ ಗೆರೆಯ ಅರ್ಥ. ಅಂಗಡಿಯವರು, ಮಕ್ಕಳನ್ನು ಶಾಲೆಗೆ ಬಿಡುವ ತಾಯಂದಿರು, ಮನೆಯ ಮೆಟ್ಟಿಲ ಮೇಲೆ ಕೂತ ಮುದುಕರು ಬಂದು ಏನಮ್ಮಾ ಇದು ಎಂದು ಕೇಳಿದರು. ಅವಳು ಗಾಡಿ ನಿಲ್ಲಿಸಿ ಮಾತಾಡಿದಳು. ಅದೇ ಅವಳ ಕೆಲಸ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಎಂಬ ಚಂಡಮಾರುತ ಬಂದು, ಅವಳು ಗೆರೆ ಎಳೆದಿದ್ದ ಎಷ್ಟೋ ಬೀದಿಗಳನ್ನು ಮುಳುಗಿಸಿತು. ಇದರ ಪಾಠವೇನು? ಚಿತ್ರ ಅಂದವಾಗಿರಬೇಕೆಂದಿಲ್ಲ, ಅಳತೆ ಸರಿಯಾಗಿರಬೇಕು. ಬರೆದವರು ಓಡಿಹೋಗದೆ ಅಲ್ಲೇ ನಿಂತು ಉತ್ತರ ಹೇಳಬೇಕು.

ಎರಡನೆಯದು ಇಂಗ್ಲೆಂಡಿನದು. ರೆಡಿಂಗ್ ವಿಶ್ವವಿದ್ಯಾಲಯದ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ಒಂದು ಪಟ್ಟೆಪಟ್ಟೆ ಚಿತ್ರ ಮಾಡಿದರು. ಒಂದು ವರ್ಷಕ್ಕೆ ಒಂದು ಪಟ್ಟೆ. ತಂಪಾದ ವರ್ಷ ನೀಲಿ, ಬಿಸಿಯಾದ ವರ್ಷ ಕೆಂಪು. ಎಡಗಡೆ ನೀಲಿಯಾಗಿ ಶುರುವಾದದ್ದು ಬಲಗಡೆ ಬರುವಷ್ಟರಲ್ಲಿ ರಕ್ತದಂಥ ಕೆಂಪಾಗಿ ನಿಲ್ಲುತ್ತದೆ. ಅದರಲ್ಲಿ ಒಂದು ಅಕ್ಷರವಿಲ್ಲ, ಒಂದು ಅಂಕಿಯಿಲ್ಲ. ಜರ್ಮನಿಯಲ್ಲಿ ಟ್ರಾಮ್ ಗಾಡಿಯ ಮೈಮೇಲೂ ಅದನ್ನು ಹಾಕಿದರು. ಕನ್ನಡದವನಿಗೂ ಮರಾಠಿಯವನಿಗೂ ಅದು ಒಂದೇ. ಎರಡು ಭಾಷೆ ಕೂಡಿ ಬಾಳುವ ಗಡಿಯ ಊರಿಗೆ ಇಂಥ ಚಿತ್ರ ಬಹಳ ಒಪ್ಪುತ್ತದೆ. ಬರಹಕ್ಕೆ ಯಾವ ಭಾಷೆ ಎಂಬ ಜಗಳವಿದ್ದೀತು, ಬಣ್ಣಕ್ಕೆ ಆ ಜಗಳವಿಲ್ಲ.

ಮೂರನೆಯದು ನಮ್ಮ ಕರ್ನಾಟಕದ್ದೇ. ಮೈಸೂರಿನಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ತುಂಬಿದ ರಸ್ತೆ ಗುಂಡಿಗೆ ಬಣ್ಣ ಬಳಿದು, ಅದರಲ್ಲಿ ದೊಡ್ಡ ಮೊಸಳೆಯ ಬೊಂಬೆ ಇಟ್ಟರು. ಜನ ನೆರೆದರು, ಪತ್ರಿಕೆಯವರು ಬಂದರು, ಬಹಳ ದಿನದಿಂದ ಹಾಗೇ ಬಿದ್ದಿದ್ದ ಗುಂಡಿ ಮುಚ್ಚಿತು. 2019ರಲ್ಲಿ ಹೊಂಡ ಬಿದ್ದ ರಸ್ತೆಗೆ ಚಂದ್ರನ ನೆಲದ ಹಾಗೆ ಬಣ್ಣ ಬಳಿದು, ಅದರ ಮೇಲೆ ಗಗನಯಾತ್ರಿಯ ವೇಷದಲ್ಲಿ ಒಬ್ಬರನ್ನು ನಡೆಸಿದರು. ಆ ರಸ್ತೆಯೂ ರಿಪೇರಿಯಾಯಿತು. ಇದು ಹವಾಮಾನದ ವಿಷಯವಲ್ಲ ನಿಜ. ಆದರೆ ನಗು ಬರಿಸಿಯೂ ಅಧಿಕಾರಿಗಳನ್ನು ಎಬ್ಬಿಸಬಹುದು ಎಂಬುದು ಪಾಠ. ಇನ್ನೊಂದು ಪಾಠವೂ ಉಂಟು. ಆ ಚಿತ್ರ ಯಾವ ಗುಂಡಿಯನ್ನು ತೋರಿಸಿತೋ ಆ ಗುಂಡಿಯ ಮೇಲೆಯೇ ಇತ್ತು. ಲೋಕದ ಎಲ್ಲ ಗುಂಡಿಗಳ ಚಿತ್ರ ಬರೆದಿದ್ದರೆ ಒಂದೂ ಮುಚ್ಚುತ್ತಿರಲಿಲ್ಲ.

ನಮ್ಮ ಗೋಡೆಗೆ ಏನು ಬರೆಯೋಣ?

ಹವಾಮಾನ ಎಂದ ಕೂಡಲೇ ಶಾಲೆಯ ಗೋಡೆಗಳಲ್ಲಿ ಬರೆಯುವುದು ಏನು? ಬೆವರುವ ಭೂಗೋಳ, ಕರಗುವ ಮಂಜಿನ ಮೇಲೆ ಬಿಳಿ ಕರಡಿ, ಕೆಳಗೆ ಮರ ಬೆಳೆಸಿ ಎಂಬ ಬರಹ. ಕರಡಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದನ್ನು ನೋಡಿ ನಮ್ಮ ತಾಯಂದಿರು ಪಾಪ ಎಂದು ಮುಂದೆ ಹೋಗುತ್ತಾರೆ. ತಮ್ಮ ಬಾಗಿಲ ಎತ್ತರದ ಗೆರೆ ನೋಡಿದರೆ ನಿಂತು ಅಳೆಯುತ್ತಾರೆ.

ಈ ನಾಡಿನಲ್ಲಿ ಆ ಗೆರೆ ಆಗಲೇ ಇದೆ, ಆದರೆ ಕಚೇರಿಯ ನಕಾಶೆಯಲ್ಲಿದೆ. ಮಹಾರಾಷ್ಟ್ರದ ಪಾಟಬಂಧಾರೆ ಇಲಾಖೆಯವರು ನದಿಗಳಿಗೆ ಎರಡು ಪೂರರೇಷೆ ಹಾಕುತ್ತಾರೆ. ನೀಲಿ ರೇಷೆ ಎಂದರೆ ಸರಾಸರಿ 25 ವರ್ಷಕ್ಕೊಮ್ಮೆ ಬರಬಹುದಾದ ಪೂರದ ಮಟ್ಟ. ಕೆಂಪು ರೇಷೆ ಎಂದರೆ 100 ವರ್ಷಕ್ಕೊಮ್ಮೆ ಬರಬಹುದಾದದ್ದು. ನೀಲಿ ರೇಷೆಯೊಳಗೆ ಮನೆ ಕಟ್ಟಬಾರದು, ನೀಲಿಗೂ ಕೆಂಪಿಗೂ ನಡುವೆ ಷರತ್ತಿನ ಮೇಲೆ ಕಟ್ಟಬೇಕು ಎಂಬುದು ನಿಯಮ. ನೂರು ವರ್ಷಕ್ಕೊಮ್ಮೆ ಎಂದರೆ ಇನ್ನು ನೂರು ವರ್ಷ ಬರುವುದಿಲ್ಲ ಎಂದು ತಿಳಿಯಬೇಡಿ. ಯಾವ ವರ್ಷ ಬೇಕಾದರೂ ನೂರರಲ್ಲಿ ಒಂದು ಪಾಲು ಸಂಭವ ಇದೆ ಎಂದು ಅದರ ಅರ್ಥ. ಆ ಲೆಕ್ಕವೂ ಹಿಂದಿನ ಮಳೆಯನ್ನು ನೋಡಿ ಹಾಕಿದ್ದು. ಮಳೆಯ ನಡತೆ ಬದಲಾದರೆ ಲೆಕ್ಕವೂ ಬದಲಾಗಬೇಕು.

ಕಚೇರಿಯ ಆ ನಕಾಶೆ ಇಳಿದು ಗೋಡೆಗೆ ಬರಲಿ. ಇದೇ ನನ್ನ ಸಲಹೆಯ ತಿರುಳು. ಊರಿನ ನಡುವೆ, ಚಾವಡಿ, ಶಾಲೆ, ಹಾಲಿನ ಡೇರಿ, ಎಲ್ಲಿ ಎಲ್ಲ ಜಾತಿಯವರೂ ಸುಳಿಯುತ್ತಾರೋ ಅಲ್ಲಿ ಒಂದು ದೊಡ್ಡ ಗೋಡೆ ಹುಡುಕಿ. ನದಿ, ಹಳ್ಳ, ರಸ್ತೆ, ಓಣಿ, ಎತ್ತರದ ಜಾಗ, ತಗ್ಗಿನ ಜಾಗ ಎಲ್ಲ ಬರುವಂತೆ ಊರನ್ನೇ ಬರೆಯಿಸಿ. ಅದರ ಮೇಲೆ 2005, 2019, 2021ರ ನೀರಿನ ಗೆರೆಗಳನ್ನು ಎಳೆಯಿಸಿ. ಪ್ರತಿ ಓಣಿಯ ಮೂಲೆಯ ಕಂಬದಲ್ಲೋ ಗೋಡೆಯಲ್ಲೋ ಅದೇ ಎತ್ತರಕ್ಕೆ ಒಂದು ಗೇಣು ಅಗಲದ ಪಟ್ಟಿ ಬಳಿಯಿಸಿ, ಇಸವಿ ಹಾಕಿಸಿ.

ಕೆಲಸ ಹೀಗೆ ನಡೆಯಲಿ. ಮೊದಲು ಮನೆಮನೆಗೆ ಹೋಗಿ ಎತ್ತರ ಕೇಳಿ ಬರೆದುಕೊಳ್ಳಿ. ಅದಕ್ಕೆ ಹೆಂಗಸರೇ ಹೋಗಲಿ, ಏಕೆಂದರೆ ಅಡಿಗೆಮನೆಯ ಯಾವ ಗೂಡಿನವರೆಗೆ ನೀರು ಬಂತೆಂಬುದು ಅವರಿಗೇ ಸರಿಯಾಗಿ ಗೊತ್ತು. ಆಮೇಲೆ ಇಲಾಖೆಯ ರೇಷೆಯ ಜೊತೆ ಹೋಲಿಸಿ. ಎರಡಕ್ಕೂ ವ್ಯತ್ಯಾಸ ಬಂದರೆ ಮುಚ್ಚಿಡಬೇಡಿ. ಆ ವ್ಯತ್ಯಾಸವೇ ಒಳ್ಳೆಯ ಚರ್ಚೆ. ಪಂಚಾಯತಿಯ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಬರೆಯಲು ಬೋರ್ಡು ಬರೆಯುವ ಪೇಂಟರನ್ನೇ ಕರೆಯಿರಿ. ಫ್ಲೆಕ್ಸ್ ಬಂದು ಆ ಅಣ್ಣಂದಿರ ಹೊಟ್ಟೆಯ ಮೇಲೆ ಹೊಡೆಯಿತು. ಅವರಿಗೆ ದಿನದ ಕೂಲಿ ಪೂರ್ತಿ ಕೊಡಿ, ಸೇವೆ ಎಂದು ಪುಕ್ಕಟೆ ಮಾಡಿಸಬೇಡಿ. ಮೇ 1 ಕಾರ್ಮಿಕರ ದಿನವೂ ಹೌದು, ಮಹಾರಾಷ್ಟ್ರ ದಿನವೂ ಹೌದು. ಅಂದು ಗ್ರಾಮಸಭೆ ಸೇರುವ ರೂಢಿಯಿದೆ. ಅಷ್ಟರೊಳಗೆ ಚಿತ್ರ ಮುಗಿದರೆ ಮಳೆಗೆ ಮುಂಚೆ ಒಂದು ತಿಂಗಳು ಮಾತಿಗೆ ಸಿಗುತ್ತದೆ.

ಚಿತ್ರದ ಮುಂದೆ ವಾರಕ್ಕೊಂದು ಸಂಜೆ ಕೂಡಿರಿ. ಭಾಷಣ ಬೇಡ. ಮೂರು ಪ್ರಶ್ನೆ ಸಾಕು. ನೀರು ನೀಲಿ ಗೆರೆ ಮುಟ್ಟಿದಾಗ ಮೊದಲು ಯಾರ ಮನೆ ಮುಳುಗುತ್ತದೆ? ಅಲ್ಲಿನ ಮುದುಕರನ್ನು, ಬಸುರಿಯರನ್ನು, ದನಗಳನ್ನು ಯಾರು, ಯಾವ ದಾರಿಯಲ್ಲಿ, ಎಲ್ಲಿಗೆ ಕರೆದೊಯ್ಯಬೇಕು? ಕೆಲಸ ನಿಂತ ದಿನಗಳ ಕೂಲಿಗೆ ಯಾರನ್ನು ಕೇಳಬೇಕು? ಮೂರನೆಯ ಪ್ರಶ್ನೆ ಬಹಳ ಮುಖ್ಯ. ಬೆಳೆ ನಷ್ಟದ ಪರಿಹಾರ ಉತಾರದಲ್ಲಿ ಹೆಸರಿದ್ದವನಿಗೆ ಬರುತ್ತದೆ. ಆ ಹೊಲದಲ್ಲಿ ಬಗ್ಗಿ ದುಡಿದವಳ ಹೆಸರು ಉತಾರದಲ್ಲಿಲ್ಲ. ಅವಳ ನಷ್ಟವನ್ನು ಯಾವ ಕಾಲಮಿನಲ್ಲಿ ಬರೆಯುತ್ತಾರೆ? ಅದಕ್ಕೆ ಉತ್ತರ ಸಿಗುವವರೆಗೆ ಕೇಳುತ್ತಿರಬೇಕು.

ಬರುವ ಆಕ್ಷೇಪಗಳು

ಕೆಲವರು ಒಪ್ಪುವುದಿಲ್ಲ. ಅವರನ್ನು ಬೈಯಬೇಡಿ. ದಿನಾ ಆ ಗೆರೆ ನೋಡುತ್ತಾ ಮಕ್ಕಳು ಹೆದರುವುದಿಲ್ಲವೇ ಎನ್ನುತ್ತಾರೆ. ಹೆದರಿಕೆ ಮಕ್ಕಳಲ್ಲಿ ಆಗಲೇ ಇದೆ, ಎರಡು ದಿನ ಎಡೆಬಿಡದೆ ಮಳೆ ಹೊಯ್ದರೆ ಅವರು ನಿದ್ದೆ ಮಾಡುವುದಿಲ್ಲ. ಗೆರೆಯ ಪಕ್ಕದಲ್ಲಿ ಮೇಲಕ್ಕೆ ಹೋಗುವ ದಾರಿಯನ್ನೂ, ತಂಗುವ ಶಾಲೆಯನ್ನೂ, ದೋಣಿ ಇರುವ ಜಾಗವನ್ನೂ ಬರೆಯಿಸಿ. ದಾರಿ ತೋರಿಸದೆ ಅಪಾಯವೊಂದನ್ನೇ ತೋರಿಸುವ ಚಿತ್ರ ನಾನೂ ಒಪ್ಪುವುದಿಲ್ಲ.

ಗೆರೆ ಎಳೆದರೆ ನನ್ನ ಜಾಗದ ಬೆಲೆ ಇಳಿಯುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಈ ಮಾತಿನಲ್ಲಿ ಸುಳ್ಳಿಲ್ಲ. ಅದಕ್ಕೇ ಒಬ್ಬನ ಗೋಡೆಯ ಮೇಲೆ ಮಾತ್ರ ಬಳಿಯಬಾರದು, ಇಡೀ ಓಣಿಗೆ, ಇಡೀ ಊರಿಗೆ ಬಳಿಯಬೇಕು. ಅವರಿಗೂ ಒಂದು ಮಾತು ಕೇಳಿ: ಗೆರೆ ಅಳಿಸಿ ಮಾರಿದ ಜಾಗವನ್ನು ಕೊಳ್ಳುವವನು ಯಾರು? ಊರಿಗೆ ಹೊಸದಾಗಿ ಬಂದ ಬಡವ. 2019 ಅವನಿಗೆ ಗೊತ್ತಿಲ್ಲ. ಅವನ ಮಕ್ಕಳು ಆ ಮನೆಯಲ್ಲಿ ಮಲಗುತ್ತಾರೆ.

ಚಿತ್ರದಿಂದ ಮಳೆ ನಿಲ್ಲುತ್ತದೆಯೇ ಎಂದು ಮೂರನೆಯವರು ನಗುತ್ತಾರೆ. ನಿಲ್ಲುವುದಿಲ್ಲ. ಹೊಗೆ ಬಿಡುವ ದೊಡ್ಡ ಕಾರ್ಖಾನೆಗಳು, ದೊಡ್ಡ ದೇಶಗಳು ತಮ್ಮ ಹೊಣೆ ಹೊರದೆ ಈ ಬಿಸಿ ಇಳಿಯದು. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವನಿಗೆ ನೀನು ಕಡಿಮೆ ಸುಡು ಎಂದು ಬುದ್ಧಿ ಹೇಳುವ ಚಿತ್ರ ನಮಗೆ ಬೇಡ. ಆದರೆ ತನ್ನ ಊರಿನ ಗೆರೆಯನ್ನು ತಾನೇ ಅಳೆದ ಜನ, ದೊಡ್ಡವರನ್ನು ಪ್ರಶ್ನೆ ಕೇಳುವಾಗ ತಡವರಿಸುವುದಿಲ್ಲ.

ಎಸ್ಟೇಟಿನ ಬಂಧುಗಳಿಗೆ

ಈ ಮಾತು ಅಚ್ಚಾದಾಗ ಓದುವ ಲೈನಿನ ನನ್ನ ಜನರಿಗೂ ಒಂದೆರಡು ಮಾತು ಸೇರಿಸುತ್ತೇನೆ. ನಮಗೆ ಪೂರದ ಗೆರೆ ಇಲ್ಲ, ನಮ್ಮ ಅಪಾಯ ಬರುವುದು ಮೇಲಿನಿಂದ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡೆವು. 2020ರ ಆಗಸ್ಟ್ 6ರ ರಾತ್ರಿ ಮುನ್ನಾರಿನ ಹತ್ತಿರದ ಪೆಟ್ಟಿಮುಡಿಯಲ್ಲಿ ಚಹಾ ತೋಟದ ಲೈನುಗಳ ಮೇಲೆ ಗುಡ್ಡ ಬಿತ್ತು. ಮಲಗಿದ್ದ 70 ಮಂದಿ ಹೋದರು. ಕರೆಂಟಿಲ್ಲ, ಫೋನಿಲ್ಲ, ಸುದ್ದಿ ಹೊರಗೆ ತಲುಪಿದ್ದು ಮರುದಿನ ಬೆಳಿಗ್ಗೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 250ಕ್ಕಿಂತ ಹೆಚ್ಚು ಜನ ಹೋದರು. ಅಲ್ಲಿಯೂ ಎಸ್ಟೇಟಿನ ಪಾಡಿಗಳು ಕೊಚ್ಚಿಹೋದವು.

ಲೈನು ಮನೆಯ ಜಾಗವನ್ನು ಕೂಲಿಯವನು ಆರಿಸಿದ್ದಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ಮನೆ ಕೊಡುವ ಹೊಣೆಯನ್ನು ಮಾಲೀಕರ ಮೇಲಿಟ್ಟಿತ್ತು. ಅದರ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲೂ ತೋಟ ಕಾರ್ಮಿಕರ ಮನೆಯ ಮಾತಿದೆ. ಆದುದರಿಂದ ಮನೆ ಎಲ್ಲಿದೆ, ಅದರ ಮೇಲಿನ ಗುಡ್ಡ ಹೇಗಿದೆ ಎಂದು ಕೇಳುವುದು ನಮ್ಮ ಹಕ್ಕು, ಭಿಕ್ಷೆಯಲ್ಲ.

ಎಸ್ಟೇಟಿನಲ್ಲಿ ಮಳೆ ಅಳೆಯುವ ಪಾತ್ರೆ ಇರುತ್ತದೆ. ರೈಟರು ದಿನಾ ಇಂಚು, ಸೆಂಟು ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಎಷ್ಟೋ ತೋಟಗಳಲ್ಲಿ ಹತ್ತಾರು ವರ್ಷಗಳ ಲೆಕ್ಕ ಇದೆ. ಗೊಬ್ಬರಕ್ಕೆ, ಹೂಮಳೆಗೆ, ಔಷಧಿ ಹೊಡೆಯಲು ಆ ಲೆಕ್ಕ ನೋಡುತ್ತಾರೆ. ಲೈನಿನವರ ಜೀವಕ್ಕೂ ಅದನ್ನು ನೋಡಲಿ. ಮಸ್ಟರ್ ಕರೆಯುವ ಜಾಗದ ಗೋಡೆಯ ಮೇಲೆ ಅದನ್ನು ದೊಡ್ಡದಾಗಿ ಬರೆಯಿಸಲು ಸಂಘದ ಮೂಲಕ ಕೇಳಿ. ಒಂದು ವರ್ಷಕ್ಕೆ ಒಂದು ಕಂಬ, ಆ ವರ್ಷ ಒಂದೇ ದಿನ ಬಿದ್ದ ಅತಿ ಹೆಚ್ಚು ಮಳೆಯಷ್ಟು ಎತ್ತರ. ಪಕ್ಕದಲ್ಲಿ ತೋಟದ ಗುಡ್ಡ, ತೋಡು, ಲೈನು, ಹಳೆಯ ಜರಿತ ಬಿದ್ದ ಜಾಗ ಎಲ್ಲವನ್ನೂ ಬರೆಯಿಸಿ. ಹೊಸ ಬಿರುಕು ಕಂಡರೆ, ಒರತೆಯ ನೀರು ಕೆಸರಾದರೆ ಯಾರು ಬೇಕಾದರೂ ಸೀಮೆಸುಣ್ಣದಿಂದ ಆ ಚಿತ್ರದ ಮೇಲೆ ಗುರುತು ಹಾಕುವಂತಿರಲಿ. ದಿನದ ಮಳೆ ಎಷ್ಟು ಇಂಚು ದಾಟಿದರೆ ಕೆಲಸ ನಿಲ್ಲಿಸಿ ಲೈನು ಬಿಡಬೇಕು ಎಂಬ ಗೆರೆಯನ್ನು, ಆಡಳಿತದವರೂ ಸಂಘದವರೂ ತಿಳಿದವರನ್ನು ಕೇಳಿ ಒಟ್ಟಿಗೆ ನಿಶ್ಚಯಿಸಿ ಕೆಂಪಿನಲ್ಲಿ ಎಳೆಯಲಿ. ಆ ಗೆರೆ ಗೋಡೆಯ ಮೇಲಿದ್ದರೆ, ಮಳೆಯಲ್ಲಿ ಲೈನು ಬಿಟ್ಟು ಹೋದವನನ್ನು ಗೈರು ಎಂದು ಬರೆಯುವುದು ಅಷ್ಟು ಸುಲಭವಲ್ಲ.

ಬಂಧುಗಳೇ, ಹೊತ್ತಾಯಿತು. ಗೋಡೆ ಹುಡುಕುವುದಕ್ಕೂ ಎತ್ತರ ಬರೆದುಕೊಳ್ಳುವುದಕ್ಕೂ ದೊಡ್ಡ ಹಣ ಬೇಡ. ಒಂದು ನೋಟುಪುಸ್ತಕ, ಒಂದು ಅಳತೆ ಟೇಪು, ಇಬ್ಬರು ತಾಯಂದಿರು, ಒಬ್ಬ ಹುಡುಗ ಸಾಕು. ನಾಳೆ ಬೆಳಿಗ್ಗೆಯೇ ತಗ್ಗಿನ ಓಣಿಯ ಮೊದಲ ಮನೆಯಿಂದ ಶುರು ಮಾಡಿ. ಆ ಮನೆಯ ಅಜ್ಜಿ ಇನ್ನೂ ಇರುವಾಗಲೇ ಅವಳ ಕೈ ಎಲ್ಲಿಯವರೆಗೆ ಏರುತ್ತದೆಂದು ನೋಡಿ, ಅಲ್ಲಿ ಒಂದು ಗುರುತು ಹಾಕಿ.